ಫ್ರಿಜ್ಜಿನ ಅಜ್ಜಿ

ಭಾನುವಾರ, ಫೆಬ್ರವರಿ ೧೮

ಪ್ರೀತಿಯ ಅಕ್ಕನಿಗೆ,

ನಿನ್ನ ತಂಗಿ ಗಿಣಿಯ ನಮಸ್ಕಾರಗಳು. ನಿನ್ನ ಪತ್ರ ಬಂದು ಬಹಳ ದಿನವಾಯಿತು. ಉತ್ತರ ಬರಲಿಲ್ಲವೆಂದು ಮುಖ ಊದಿಸಿಕೊಂಡು ಕೂತಿರುತ್ತೀಯೆಂದು ಗೊತ್ತು, ಚಿಕ್ಕಂದಿನಿಂದ ನೋಡಿದ ಮುಖವಲ್ಲವೇ. ಬೈಯುವುದಿದ್ದರೆ ಈಗಲೇ ಬೈದು ಮುಗಿಸು, ಆಮೇಲೆ ಓದು. ಫೋನಿನಲ್ಲೇ ಹೇಳಬಹುದಿತ್ತಲ್ಲ ಎನ್ನಬೇಡ. ದಿನವಿಡೀ ಫೋನಿನಲ್ಲಿ ಮಾತಾಡಿ ಹೊಟ್ಟೆ ಹೊರೆಯುವವಳಿಗೆ ಕೆಲಸ ಮುಗಿದ ಮೇಲೆ ಅದನ್ನು ಕಂಡರೆ ಮೈ ಉರಿಯುತ್ತದೆ. ಅದೂ ಅಲ್ಲದೆ ಈ ಮನೆಯ ಗೋಡೆಗಳು ತೀರಾ ತೆಳು. ಇಲ್ಲಿ ಅಮ್ಮನ ವಿಷಯ ಮಾತಾಡಿದರೆ ಅಮ್ಮನ ಎದುರಿಗೇ ಮಾತಾಡಿದ ಹಾಗೆ. ಈಗ ಅವಳು ಸ್ನಾನಕ್ಕೆ ಹೋಗಿದ್ದಾಳೆ, ನಾನು ಅಡುಗೆಮನೆಯ ಕಟ್ಟೆಯ ಮೇಲೆ ಹಾಳೆ ಇಟ್ಟುಕೊಂಡು ನಿಂತೇ ಬರೆಯುತ್ತಿದ್ದೇನೆ.

ನೀನು ಕೇಳಿದ್ದು ಎರಡೇ ಮಾತು. ಅಮ್ಮ ಯಾಕೆ ಫೋನಿನಲ್ಲಿ “ಹ್ಞೂಂ”, “ಸರಿ”, “ಇಡ್ಲಾ?” ಅಂತ ಅಷ್ಟರಲ್ಲೇ ಮುಗಿಸಿಬಿಡುತ್ತಾಳೆ? ಅವಳನ್ನು ನಮ್ಮ ಮನೆಗೆ ಕರೆದುಕೊಂಡು ಹೋಗಿಬಿಡಲೇ? ಮೊದಲನೆಯದಕ್ಕೆ ಉತ್ತರ ಉದ್ದವಿದೆ. ಎರಡನೆಯದನ್ನು ಓದಿದಾಗ ನನಗೆ ನಿನ್ನ ಮೇಲೆ ವಿಪರೀತ ಸಿಟ್ಟು ಬಂದಿತ್ತು. ನನ್ನ ಹತ್ತಿರ ಅಮ್ಮನಿಗೆ ಏನು ಕಡಿಮೆಯಾಗಿದೆ ಎಂದು ನಿನಗೆ ಮನಸ್ಸಿನಲ್ಲೇ ನಾಲ್ಕು ಪುಟ ಬೈದಿದ್ದೆ. ನಿನಗೆ ಭಾವ ಇದ್ದಾರೆ, ಮಕ್ಕಳಿದ್ದಾರೆ. ಅಮ್ಮ ಹೊರಟುಹೋದರೆ ಈ ಮನೆಯಲ್ಲಿ ಉಳಿಯುವವರು ನಾನು ಮತ್ತು ನನ್ನ ಹೆಡ್‌ಫೋನು. ಅದಕ್ಕೇ ಇಷ್ಟು ದಿನ ಸುಮ್ಮನಿದ್ದೆ.

ನಮ್ಮ ಕಂಪನಿ ಬಾಡಿಗೆಯ ಮಹಡಿಯನ್ನು ಬಿಟ್ಟುಕೊಟ್ಟು, ಎಲ್ಲರ ಮನೆಗೂ ಒಂದೊಂದು ಕಂಪ್ಯೂಟರ್ ಕಳಿಸಿ, ಇನ್ನು ಮೇಲೆ ಮನೆಯೇ ಆಫೀಸು ಎಂದಾಗ ಅಮ್ಮನಷ್ಟು ಖುಷಿಪಟ್ಟವರು ಯಾರೂ ಇಲ್ಲ. “ಅಂತೂ ಮಗಳು ಮನೆಗೆ ಬಂದ್ಲು. ಇನ್ಮೇಲೆ ಮಧ್ಯಾಹ್ನ ಇಬ್ರೂ ಎದುರುಬದುರು ಕೂತು ಬಿಸಿ ಊಟ ಮಾಡೋಣ” ಎಂದಿದ್ದಳು. ಮೊದಮೊದಲು ಹಾಗೇ ಆಯಿತು. ಬಸ್ಸಿನ ನೂಕುನುಗ್ಗಲಿಲ್ಲ, ತಣ್ಣಗಾದ ಡಬ್ಬಿ ಇಲ್ಲ. ಮೇಲೆ ಇಸ್ತ್ರಿ ಮಾಡಿದ ಅಂಗಿ, ಕೆಳಗೆ ಹಳೇ ಪೈಜಾಮ. ಒಂದು ದಿನ ನಾವೆಲ್ಲ ಪರದೆಯ ಮೇಲೆ ಮೀಟಿಂಗಿಗೆ ಕೂತಿದ್ದಾಗ ಅಮ್ಮ ನನ್ನ ಹೆಗಲ ಹಿಂದಿನಿಂದ ಇಣುಕಿ, “ಎಲ್ಲಾರ್ದೂ ಊಟ ಆಯ್ತಾ?” ಎಂದು ಕೇಳಿಬಿಟ್ಟಳು. ಎಲ್ಲರೂ ನಕ್ಕರು, ನಮ್ಮ ಟೀಮ್ ಲೀಡರ್ ಒಬ್ಬನನ್ನು ಬಿಟ್ಟು. ಅವನಿಗೆ ನಾವು ಗಡಿಯಾರ ಎನ್ನುತ್ತೇವೆ. ಯಾವ ಕರೆ ಎಷ್ಟು ಹೊತ್ತು ನಡೆಯಿತು ಎಂಬುದನ್ನು ಬಿಟ್ಟು ಅವನಿಗೆ ಬೇರೆ ಲೋಕವಿಲ್ಲ.

ತೊಂದರೆ ಶುರುವಾಗಿದ್ದು ನೆಟ್‌ವರ್ಕಿನಿಂದ. ಅದು ಈ ಮನೆಯಲ್ಲಿ ಸರಿಯಾಗಿ ಸಿಗುವುದು ಮುಂದಿನ ಕೋಣೆಯ ಕಿಟಕಿಯ ಪಕ್ಕ ಮಾತ್ರ. ಅದು ಅಮ್ಮನ ಕಿಟಕಿ ಎಂದು ನಿನಗೆ ಗೊತ್ತು. ಅಲ್ಲಿ ಕೂತು ಅವಳು ಅಂಚೆಯವನಿಂದ ಹಿಡಿದು ಹಾಲಿನವನವರೆಗೆ ಎಲ್ಲರ ಮನೆಯ ಕಷ್ಟಸುಖ ವಿಚಾರಿಸುತ್ತಿದ್ದಳು. ಆ ಜಾಗಕ್ಕೆ ನನ್ನ ಮೇಜು ಬಂತು, ಅವಳ ಕುರ್ಚಿ ಹಿಂದಿನ ಕೋಣೆಗೆ ಹೋಯಿತು. ಅಲ್ಲಿಯೂ ಒಂದು ಕಿಟಕಿಯಿದೆ, ತೆಗೆದರೆ ಪಕ್ಕದ ಕಟ್ಟಡದ ಗೋಡೆ ಕೈಗೆ ಸಿಗುತ್ತದೆ. “ನಂಗೇನು, ಎಲ್ಲಿ ಕೂತ್ರೂ ಒಂದೇ ಗಾಳಿ” ಎಂದಳು. ನಾನು ಅದನ್ನೇ ನಿಜವೆಂದುಕೊಂಡೆ, ಹಾಗೆ ಅಂದುಕೊಳ್ಳುವುದು ಅನುಕೂಲವಾಗಿತ್ತು.

ಆಮೇಲೆ ಸದ್ದಿನ ವಿಷಯ. ಫ್ರಿಜ್ಜು, ಮಿಷನ್ನು ಕೆಟ್ಟಿತೆಂದು ದೂರು ಹೇಳುವವರ ಕರೆಗಳೆಲ್ಲ ನಮ್ಮಲ್ಲಿ ರೆಕಾರ್ಡ್ ಆಗುತ್ತವೆ. ಅದನ್ನು ಕೇಳಿ ಅಂಕ ಹಾಕುವವರು ಬೇರೆ ಇದ್ದಾರೆ. ಹಿಂದಿನಿಂದ ಮನೆಯ ಸದ್ದು ಕೇಳಿಸಿದರೆ ಅಂಕ ಕಟ್. ಮೊದಲ ಸಲ ಸಿಕ್ಕಿಬಿದ್ದದ್ದು ಕುಕ್ಕರಿನಿಂದ. “ಮೇಡಂ, ನಿಮ್ಮ ಕುಕ್ಕರ್ ಕೂಗ್ತಾ ಇದೆ. ಮೊದ್ಲು ಅದನ್ನ ಇಳಿಸಿ ಬನ್ನಿ, ನಮ್ಮ ಫ್ರಿಜ್ ಎಲ್ಲೂ ಓಡಿಹೋಗಲ್ಲ” ಎಂದ ಲೈನಿನಲ್ಲಿದ್ದ ಪುಣ್ಯಾತ್ಮ. ಅವನು ತಮಾಷೆಗೆ ಹೇಳಿದ್ದು, ಗಡಿಯಾರ ತಮಾಷೆಗೆ ತೆಗೆದುಕೊಳ್ಳಲಿಲ್ಲ. ಇನ್ನೊಮ್ಮೆ ಹೀಗಾದರೆ ಕೆಲಸದಿಂದ ತೆಗೆಯುವ ಮಾತು ಬಂತು. ಅವತ್ತು ನಾನು ಅಮ್ಮನ ಮೇಲೆ ಕೂಗಾಡಿದೆ. ಮಾರನೇ ದಿನದಿಂದ ಕುಕ್ಕರ್ ಬಂದ್. ನಾನು ಕೆಲಸಕ್ಕೆ ಕೂರುವ ಮುಂಚೆಯೇ ಎದ್ದು ಅಡುಗೆ ಮುಗಿಸತೊಡಗಿದಳು. ಬಿಸಿ ಊಟದ ಕತೆ ಅಲ್ಲಿಗೆ ಮುಗಿಯಿತು. ಟೀವಿಯನ್ನು ದನಿಯಿಲ್ಲದೆ ನೋಡಿದಳು, ಸ್ವಲ್ಪ ದಿನಕ್ಕೆ ಅದನ್ನೂ ಬಿಟ್ಟಳು. ನಲ್ಲಿಯನ್ನು ನೂಲಿನಷ್ಟೇ ಬಿಟ್ಟು ಪಾತ್ರೆ ತೊಳೆದಳು. ಬಾಗಿಲ ಬೆಲ್ಲಿನ ತಂತಿಯನ್ನು ನಾನೇ ಕಿತ್ತಿಟ್ಟೆ. ಒಂದು ದಿನ ನೀರು ಕುಡಿಯಲು ಎದ್ದು ನೋಡುತ್ತೇನೆ, ಅಮ್ಮ ದಿಂಬಿಗೆ ಮುಖ ಒತ್ತಿಕೊಂಡು ಬಾಗಿ ಕೂತಿದ್ದಾಳೆ. ಓಡಿ ಹೋಗಿ ಹಿಡಿದರೆ, ಕೆಮ್ಮುತ್ತಿದ್ದಳು ಅಷ್ಟೆ.

ಮೊದಲೆಲ್ಲ ಇದಕ್ಕೂ ಅವಳ ಹತ್ತಿರ ತಮಾಷೆಯಿತ್ತು. “ಮಾತು ಬೆಳ್ಳಿ, ಮೌನ ಬಂಗಾರ ಅಂತಾರಲ್ಲ, ಈಗ ನಮ್ಮನೇಲಿ ಬಂಗಾರ ಇಡಕ್ಕೆ ಜಾಗ ಇಲ್ಲ ನೋಡು” ಎನ್ನುತ್ತಿದ್ದಳು. ಬರಬರುತ್ತ ಅದೂ ನಿಂತಿತು. ಕೆಲಸ ಮುಗಿಸಿ ನಾನು ಹೆಡ್‌ಫೋನ್ ಕಳಚಿದರೆ ಅವಳು ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದಳು. “ಇವತ್ತು ಏನಾಯ್ತು ಗೊತ್ತಾ...” ಎಂದು ಶುರುಮಾಡುವಷ್ಟರಲ್ಲಿ ನನಗೆ ಮನುಷ್ಯರ ದನಿಯೇ ಸಾಕಾಗಿ ಹೋಗಿರುತ್ತಿತ್ತು. “ಅಮ್ಮಾ, ಸ್ವಲ್ಪ ಹೊತ್ತು ಸುಮ್ನಿರಮ್ಮ” ಎನ್ನುತ್ತಿದ್ದೆ. ಆ ಸ್ವಲ್ಪ ಹೊತ್ತು ಊಟದವರೆಗೆ ಎಳೆಯುತ್ತಿತ್ತು, ಊಟದಿಂದ ನಿದ್ದೆಯವರೆಗೆ. ಯಾರದೋ ಮನೆಯ ಬಟ್ಟೆ ಒಗೆಯುವ ಮಿಷನ್ ನಿಂತರೆ ಅವರ ಬೈಗುಳವನ್ನೆಲ್ಲ ನಗುನಗುತ್ತ ಕೇಳುವವಳು, ಹೆತ್ತ ತಾಯಿ ಒಂದು ಮಾತು ಆಡಲು ಬಂದರೆ ಮುಖ ತಿರುಗಿಸುತ್ತೇನೆ. ಊರಿಗೆ ಉಪಕಾರಿ, ಮನೆಗೆ ಮಾರಿ ಎಂಬುದು ನನ್ನನ್ನು ನೋಡಿಯೇ ಹುಟ್ಟಿದ ಗಾದೆಯಿರಬೇಕು.

ಅಮ್ಮ ಸ್ನಾನ ಮುಗಿಸಿ ಬಂದಳು. ಉಳಿದದ್ದು ನಾಳೆ.

ಸೋಮವಾರ

ಇದು ಮಧ್ಯಾಹ್ನದ ಬಿಡುವು. ಅಮ್ಮ ಹಿಂದಿನ ಕೋಣೆಯಲ್ಲಿದ್ದಾಳೆ. ಮಲಗಿದ್ದಾಳೋ ಕೂತಿದ್ದಾಳೋ ಸದ್ದಿನಿಂದ ಹೇಳಲಾಗುವುದಿಲ್ಲ. ನಾನೇ ಕಲಿಸಿದ ವಿದ್ಯೆ.

ಈಗ ನಿನಗೆ ಫ್ರಿಜ್ಜಿನ ಅಜ್ಜಿಯ ವಿಷಯ ಹೇಳಬೇಕು. ನಮ್ಮ ಟೀಮಿನವರೆಲ್ಲ ಹರಟೆ ಹೊಡೆಯುವ ಒಂದು ಗುಂಪು ಫೋನಿನಲ್ಲಿದೆ. ಕೆಲವು ತಿಂಗಳ ಹಿಂದೆ ಅಲ್ಲಿ ಒಬ್ಬ ಅಜ್ಜಿಯ ಸುದ್ದಿ ಬರತೊಡಗಿತು. ಮಧ್ಯಾಹ್ನವಾದರೆ ನಮ್ಮ ಪುಕ್ಕಟೆ ನಂಬರಿಗೆ ಫೋನ್ ಮಾಡುತ್ತಾರಂತೆ. ಯಾರ ಲೈನಿಗೆ ಹೋಗುತ್ತದೋ ಅವರ ಅದೃಷ್ಟ. ಹೆಸರು ಕೇಳಿದರೆ “ಅಜ್ಜಿ ಅಂತ ಬರ್ಕೊಳಮ್ಮ” ಅಂತೆ. ಫ್ರಿಜ್ಜಿನ ಮಾಡೆಲ್ ಯಾವುದು ಎಂದರೆ “ಬಿಳೀದು” ಅಂತೆ. ದೂರು ಏನೆಂದರೆ, “ಬಾಗಿಲು ಹಾಕಿದ್ಮೇಲೆ ಒಳಗಿನ ದೀಪ ಆರತ್ತಾ, ಉರೀತಾನೇ ಇರತ್ತಾ? ನೋಡೋಣ ಅಂತ ತೆಗೆದ್ರೆ ಹತ್ತಿಬಿಡತ್ತೆ, ಗೊತ್ತಾಗೋದು ಹೇಗೆ?” ಇದಕ್ಕೆ ನಮ್ಮ ಪುಸ್ತಕದಲ್ಲಿ ಉತ್ತರವಿಲ್ಲ. ಉತ್ತರ ಹುಡುಕುವಷ್ಟರಲ್ಲಿ ಅಜ್ಜಿ ಇವರ ಊಟ, ತಿಂಡಿ, ನೆಗಡಿ, ಮದುವೆ ಎಲ್ಲ ವಿಚಾರಿಸಿಕೊಂಡು ಮುಗಿಸಿರುತ್ತಿದ್ದರಂತೆ.

ನಮ್ಮಲ್ಲಿ ಒಬ್ಬಳಿದ್ದಾಳೆ, ಉದ್ದಕ್ಕಿರುವುದರಿಂದ ಜಿರಾಫೆ ಎನ್ನುತ್ತೇವೆ. ಅವಳು ಅಜ್ಜಿಯ ಅಭಿಮಾನಿ. “ಹಿಂದೆ ಏನೋ ಗರಗರ ಸದ್ದು ಬರ್ತಿರತ್ತೆ ಕಣೇ, ಪಾಪ, ಫ್ರಿಜ್ ನಿಜವಾಗ್ಲೂ ಕೆಟ್ಟಿರ್ಬೇಕು” ಎನ್ನುತ್ತಿದ್ದಳು. ಎಲ್ಲರೂ ನಗುತ್ತಿದ್ದೆವು. ಹೆಚ್ಚು ನಕ್ಕವಳು ನಾನೇ. ಅಜ್ಜಿ ನನಗೊಬ್ಬಳಿಗೇ ಸಿಗುವುದಿಲ್ಲವಲ್ಲ ಎಂದು ಹೊಟ್ಟೆಕಿಚ್ಚೂ ಇತ್ತು. ಹಾಗೆ ಪರದೆ ನೋಡಿಕೊಂಡು ಒಬ್ಬಳೇ ನಗುವಾಗ ಒಮ್ಮೆ ಅಮ್ಮ ಬಾಗಿಲಿಗೆ ಬಂದು ನಿಂತು, ನಾನು ಯಾಕೆ ನಗುತ್ತಿದ್ದೇನೆ ಎಂದು ಕಣ್ಣಿನಲ್ಲೇ ಕೇಳಿದಳು. ಏನಿಲ್ಲ ಎಂದು ಕೈಯಾಡಿಸಿದೆ.

ಆ ಹೊತ್ತಿಗೆ ಅಮ್ಮ ಮಧ್ಯಾಹ್ನ ಕೆಳಗಿನ ಮನೆಯ ಟೈಲರಮ್ಮನ ಹತ್ತಿರ ಹೋಗಿ ಕೂರುವುದನ್ನು ಅಭ್ಯಾಸ ಮಾಡಿಕೊಂಡಿದ್ದಳು. ನನಗೂ ನಿಶ್ಚಿಂತೆ. ಅಲ್ಲಿ ಎಷ್ಟು ಬೇಕಾದರೂ ಮಾತಾಡಲಿ, ಕೆಮ್ಮಲಿ ಎಂದುಕೊಂಡಿದ್ದೆ. ಹೋದ ತಿಂಗಳು ಮೆಟ್ಟಿಲಲ್ಲಿ ಟೈಲರಮ್ಮ ಸಿಕ್ಕರು. ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡೇ ಮಾತಾಡುವವರು, ಅವತ್ತು ಅದನ್ನು ತೆಗೆದು ಕೈಯಲ್ಲಿ ಹಿಡಿದರು.

“ಒಂದ್ಮಾತು ಹೇಳ್ತೀನಿ, ತಪ್ಪು ತಿಳ್ಕೋಬೇಡಿ. ನಿಮ್ಮಮ್ಮ ದಿನಾ ನನ್ನ ಫೋನ್ ಇಸ್ಕೊಂಡು ನಿಮ್ಮ ಕಂಪನಿಗೇ ಮಾಡ್ತಾರೆ. ಪುಕ್ಕಟೆ ನಂಬರು, ನನಗೇನೂ ಖರ್ಚಿಲ್ಲ, ಅದಕ್ಕಲ್ಲ ನಾನು ಹೇಳ್ತಿರೋದು. ನನಗೆ ಕೈತುಂಬ ಕೆಲಸ, ಮಿಷನ್ ಮೇಲೆ ಕೂತ್ರೆ ಮಾತಾಡೋಕಾಗಲ್ಲ. ಅಲ್ಲಿ ಹುಡುಗೀರು ಎಷ್ಟು ಚೆನ್ನಾಗಿ ಮಾತಾಡಿಸ್ತಾರೆ ಅಂತ ಅವರಿಗೆ ಖುಷಿ. ಆ ನಂಬರು ಅವರಿಗೆ ಬಾಯಿಪಾಠ. ನೀವು ಮೇಲೆ ದಿನವೆಲ್ಲಾ ಹೇಳ್ತಿರ್ತೀರಲ್ಲ.”

ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರಂತೆ. ಜಿರಾಫೆ ಕೇಳಿದ ಗರಗರ ಸದ್ದು ನನ್ನ ಕಾಲ ಕೆಳಗಿನ ಹೊಲಿಗೆ ಮಿಷನ್ನಿನದು. ನಮ್ಮ ಮನೆಯಲ್ಲಿರುವುದು ಬೇರೆ ಕಂಪನಿಯ ಫ್ರಿಜ್ಜು, ಅದು ಬಿಳಿಯೂ ಅಲ್ಲ, ಕೆಟ್ಟೂ ಇಲ್ಲ. ನಾನು ಮೆಟ್ಟಿಲಲ್ಲೇ ಕೂತುಬಿಟ್ಟೆ. ಟೈಲರಮ್ಮ ಪಾಪ, ಹೇಳಿ ತಪ್ಪು ಮಾಡಿದೆನೇನೋ ಎಂದು ನೀರು ತಂದುಕೊಟ್ಟರು.

ಅಮ್ಮನನ್ನು ಕೇಳೋಣವೆಂದು ಮೇಲೆ ಬಂದೆ, ಕೇಳಲಾಗಲಿಲ್ಲ. ಏನೆಂದು ಕೇಳಲಿ? ಕದ್ದು ಸಿಕ್ಕಿಬಿದ್ದವಳ ಹಾಗೆ ಅವಳ ಮುಖ ಸಣ್ಣದಾಗುವುದನ್ನು ನೋಡುವ ಧೈರ್ಯ ನನಗಿರಲಿಲ್ಲ. ಸಂಜೆ ಜೊತೆಯಲ್ಲಿ ಕೂತು ಮಾತಾಡಿಸೋಣವೆಂದು ಟೀವಿ ಹಾಕದೆ, ಫೋನ್ ಮುಟ್ಟದೆ ಅವಳ ಎದುರು ಕೂತೆ. “ಏನಾದ್ರೂ ಹೇಳಮ್ಮಾ” ಎಂದೆ. “ಏನಿರತ್ತೆ ಹೇಳಕ್ಕೆ” ಎಂದಳು. ಮತ್ತೆ, “ನಿಂಗೆ ಸುಸ್ತಾಗಿರತ್ತೆ, ಮಲ್ಕೋ ಹೋಗು.” ಇಷ್ಟೇ, ಅಕ್ಕ. ಮುಚ್ಚಿಟ್ಟ ಬಾಯಿಯನ್ನು ಬೇಕೆಂದಾಗ ತೆರೆಸಲು ಅದೇನು ಡಬ್ಬಿಯೇ? ಮಾರನೇ ದಿನ ಮಧ್ಯಾಹ್ನ ಎಂದಿನಂತೆ ಕೆಳಗೆ ಹೋದಳು. ನಾನು ತಡೆಯಲಿಲ್ಲ. ಹೋಗಲಿ, ನನ್ನ ಹತ್ತಿರ ಅಲ್ಲದಿದ್ದರೆ ಜಿರಾಫೆಯ ಹತ್ತಿರವಾದರೂ ಮಾತಾಡಲಿ ಅನ್ನಿಸಿತು.

ಅದಕ್ಕೂ ಕಲ್ಲು ಬಿತ್ತು. ಕೆಲಸವಿಲ್ಲದೆ ಫೋನ್ ಮಾಡುವವರ ಮೇಲೆ ಗಡಿಯಾರನ ಕಣ್ಣು ಮೊದಲೇ ಇತ್ತು. ಅಜ್ಜಿಗೆ ಎಚ್ಚರಿಕೆ ಓದಿ ಹೇಳಿ ಕರೆ ಮುಗಿಸಬೇಕೆಂದು ನಮಗೆಲ್ಲ ಅಪ್ಪಣೆಯಾಗಿತ್ತು. ನಮ್ಮಲ್ಲಿ ಒಬ್ಬಳು ಓದದೆ, ಆ ಕರೆಯನ್ನು ಎಂದೂ ಇಲ್ಲದಷ್ಟು ಎಳೆದಳು. ಗಡಿಯಾರ ಅವಳ ಅಂಕ ಕತ್ತರಿಸಿದ. ಟೈಲರಮ್ಮನ ನಂಬರಿನಿಂದ ಇನ್ನು ಕರೆಯೇ ಬರದ ಹಾಗೆ ಬಂದ್ ಮಾಡಿಸಿದ. ಈಗ ಅಲ್ಲಿಂದ ಫೋನ್ ಮಾಡಿದರೆ ಕುಂಯ್ ಎಂದು ಕಟ್ ಆಗುತ್ತದಂತೆ. ಅಮ್ಮ ಎರಡು ಮೂರು ದಿನ ಪ್ರಯತ್ನಪಟ್ಟು, “ಅವ್ರಿಗೂ ಸಾಕಾಗಿರ್ಬೇಕು ಬಿಡಿ” ಎಂದು ಫೋನ್ ವಾಪಸ್ ಕೊಟ್ಟಳಂತೆ. ಆಮೇಲೆ ಕೆಳಗೆ ಇಳಿದೇ ಇಲ್ಲ. ಕರೆಯಲು ಬಂದ ಟೈಲರಮ್ಮನನ್ನು ನೋಡಿ ನಕ್ಕು ಕೈಮುಗಿದಳು, ಅಷ್ಟೆ.

ಕೆಲಸ ಬಿಡು ಎನ್ನಬಹುದು ನೀನು. ಬಿಟ್ಟು ಈ ವಯಸ್ಸಿನಲ್ಲಿ ಎಲ್ಲಿಗೆ ಹೋಗಲಿ? ಗಿಣಿ ಎಂದು ನೀನು ಗೇಲಿಗೆ ಇಟ್ಟ ಹೆಸರು, ಇವತ್ತು ಅದೇ ನನ್ನ ಕಸುಬು. ಕಲಿಸಿದ್ದನ್ನು ಹೇಳುವುದು ಬಿಟ್ಟು ನನಗೆ ಬೇರೆ ಕೆಲಸ ಬರುವುದಿಲ್ಲ. ಹಿಂದೆ ಆಫೀಸಿನಿಂದ ಬಸ್ಸಿನಲ್ಲಿ ಬರುವಾಗ ಕಿಟಕಿಗೆ ತಲೆಯಾನಿಸಿ ಸುಮ್ಮನೆ ಕೂರುತ್ತಿದ್ದೆ. ಆ ದಾರಿಯಲ್ಲಿ ಎಲ್ಲೋ ಒಂದು ಕಡೆ ಕೆಲಸದವಳು ಇಳಿದುಹೋಗಿ ಮನೆಯವಳು ಉಳಿಯುತ್ತಿದ್ದಳು ಅನ್ನಿಸುತ್ತದೆ. ಈಗ ಇಳಿಯಲು ದಾರಿಯೇ ಇಲ್ಲ.

ಹಾಗಾಗಿ ನಿನ್ನ ಎರಡನೇ ಪ್ರಶ್ನೆಗೆ ಉತ್ತರ: ಬಾ. ಬಂದು ಅಮ್ಮನನ್ನು ಕರೆದುಕೊಂಡು ಹೋಗು. ನಿಮ್ಮ ಮನೆಯಲ್ಲಿ ಒಬ್ಬರ ಮಾತು ಮುಗಿಯುವ ಮುಂಚೆ ಮೂವರು ಬಾಯಿ ಹಾಕುತ್ತಾರೆ, ಅಡುಗೆಮನೆಯಲ್ಲಿ ಯಾವಾಗಲೂ ಏನೋ ಒಂದು ಕೆಳಗೆ ಬೀಳುತ್ತಿರುತ್ತದೆ. ಮೊದಲು ಅದನ್ನು ಸಂತೆ ಎಂದು ಆಡಿಕೊಳ್ಳುತ್ತಿದ್ದೆ. ಅಮ್ಮನಿಗೆ ಬೇಕಾಗಿರುವುದು ಅದೇ. ಬೀದಿ ಕಾಣುವ ಕಡೆ ಕುರ್ಚಿ ಹಾಕು. ಮೊದಮೊದಲು ಅವಳು ಪಿಸುಗುಟ್ಟಿಯೇ ಮಾತಾಡುತ್ತಾಳೆ, “ಏನು, ಕೇಳಿಸ್ತಿಲ್ಲ” ಎಂದು ಮಕ್ಕಳು ಜೋರಾಗಿ ಕೇಳಲಿ. ನೆರಳಿನ ಹಾಗೆ ಓಡಾಡುತ್ತಾಳೆ, ಗಾಬರಿಯಾಗಬೇಡ. ಮತ್ತೆ, ಬಂದ ವಾರದಲ್ಲೇ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗು. ಬಲಗಣ್ಣು ಮಂಜಾಗಿದೆ. ನಾನು ಹೇಳಿದೆನೆಂದು ಮಾತ್ರ ಅವಳಿಗೆ ಹೇಳಬೇಡ.

ನೀನು ಬರುವ ದಿನ ಬಾಗಿಲು ಬಡಿ, ಜೋರಾಗಿ ಬಡಿ. ನಾನು ಲೈನಿನಲ್ಲಿದ್ದರೂ ಚಿಂತೆಯಿಲ್ಲ.

ಭಾವನವರಿಗೆ ನಮಸ್ಕಾರ ತಿಳಿಸು. ನಿನ್ನ ಮನೆಯ ಗದ್ದಲ ಎಂದೂ ತಗ್ಗದಿರಲಿ. ಮಕ್ಕಳಿಬ್ಬರೂ ದೊಡ್ಡ ದನಿಯವರಾಗಿ, ನಾಲ್ಕು ಜನರ ನಡುವೆ ನಗುನಗುತ್ತ ಬಾಳಲಿ ಎಂದು ಈ ಚಿಕ್ಕಮ್ಮನ ಹಾರೈಕೆ.

ಇತಿ ನಿನ್ನ ಪ್ರೀತಿಯ ತಂಗಿ,
ಗಿಣಿ

ಮರೆತ ಮಾತು: ಮರೆತದ್ದಲ್ಲ, ಬರೆಯಲಾಗದೆ ಬಿಟ್ಟದ್ದು. ಲಕೋಟೆ ಅಂಟಿಸಿದ್ದವಳು ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ. ಆ ಕರೆಯನ್ನು ಎಳೆದವಳು ನಾನೇ. ಟೈಲರಮ್ಮ ಹೇಳಿದ ವಾರವೇ ಅದು ನನ್ನ ಲೈನಿಗೆ ಬಂತು. ಬಂದರೆ “ಅಮ್ಮಾ ನಾನು, ಮೇಲೆ ಬಾ” ಎಂದುಬಿಡಬೇಕೆಂದು ನಿಶ್ಚಯಿಸಿಕೊಂಡಿದ್ದೆ. “ಊಟ ಆಯ್ತೇನಮ್ಮಾ?” ಎಂಬ ದನಿ ಕೇಳಿತು. ಎಷ್ಟು ತುಂಬಿದ ದನಿ, ಅಕ್ಕ. ನಾವು ಚಿಕ್ಕವರಿದ್ದಾಗ ಬೀದಿಯ ತುದಿಯಿಂದ ನಮ್ಮನ್ನು ಕೂಗುತ್ತಿದ್ದಳಲ್ಲ, ಅದೇ. ನಾನು ಎಂದು ಹೇಳಿದರೆ ಆ ದನಿ ನಿಂತುಬಿಡುತ್ತದೆ ಎಂದು ಭಯವಾಯಿತು. “ಆಯ್ತು ಮೇಡಂ, ನಿಮ್ಮದು?” ಎಂದೆ.

ಅವಳು ಮಾತಾಡಿದಳು. ಅಪ್ಪ ಕನಸಿನಲ್ಲಿ ಬಂದಿದ್ದು ಹೇಳಿದಳು. ಕಣ್ಣು ಮಂಜಾಗಿರುವುದು ಹೇಳಿದಳು, ಮಗಳಿಗೆ ಗೊತ್ತಾದರೆ ರಜೆ ಹಾಕಬೇಕಾಗುತ್ತದೆಂದು ಹೇಳಿಲ್ಲವಂತೆ. “ಅವಳೂ ನಿಮ್ಮಲ್ಲೇ ಕೆಲ್ಸ ಮಾಡೋದು. ಇದುವರೆಗೆ ಯಾರಿಗೂ ಹೇಳಿಲ್ಲ, ನೀನೂ ಅವಳಿಗೆ ಹೇಳ್ಬೇಡ” ಎಂದಳು. ಮಗಳು ನಿಮ್ಮ ಜೊತೆ ಮಾತಾಡುವುದಿಲ್ಲವೇ ಎಂದು ಕೇಳಿದೆ. ನನಗೆ ಅದನ್ನು ಕೇಳಬೇಕಿತ್ತು. “ಪಾಪ, ಅವಳಿಗೆಲ್ಲಿ ಸಾಧ್ಯ” ಎಂದಳು. ನನ್ನ ಮೇಲೆ ಒಂದೇ ಒಂದು ದೂರು ಹೇಳಲಿಲ್ಲ. ದೂರು ಕೇಳುವ ನಂಬರಿಗೇ ಫೋನ್ ಮಾಡಿದ್ದಳು. ಕೊನೆಯಲ್ಲಿ, “ಎಷ್ಟು ತಂಪಾಗಿದೆ ನಿನ್ನ ದನಿ. ನಿಮ್ಮಮ್ಮ ಪುಣ್ಯ ಮಾಡಿರ್ಬೇಕು ಕಣಮ್ಮ, ದಿನಾ ಇದನ್ನ ಕೇಳ್ತಾರಲ್ಲ” ಎಂದಳು.

ನನ್ನ ದನಿಯ ಗುರುತು ಅವಳಿಗೆ ಸಿಗಲಿಲ್ಲ, ಅಕ್ಕ.

ಸ್ವಲ್ಪ ಹೊತ್ತಿಗೆ ಅವಳು ಮೇಲೆ ಬಂದಳು. ಚಪ್ಪಲಿಯ ಸದ್ದಾಗಬಾರದೆಂದು ಎರಡನ್ನೂ ಕೈಯಲ್ಲಿ ಹಿಡಿದುಕೊಂಡು, ಉಸಿರು ಬಿಗಿಹಿಡಿದು, ನನ್ನ ಕುರ್ಚಿಯ ಹಿಂದೆ ಗೋಡೆಗೆ ಅಂಟಿಕೊಂಡು ದಾಟಿ, ಒಳಗೆ ಹೋದಳು. ನನ್ನ ತಲೆಯ ಮೇಲೆ ಹೆಡ್‌ಫೋನ್ ಇತ್ತು. ಲೈನಿನಲ್ಲಿ ಯಾರೂ ಇರಲಿಲ್ಲ.